ಲಿನನ್ ಬಟ್ಟೆ ಸೆಖೆಯಲ್ಲಿ ಹೇಗೆ ಕೆಲಸ ಮಾಡುತ್ತದೆ?

ಬೇಸಿಗೆ ಬಂತೆಂದರೆ ಬಟ್ಟೆ ಅಂಗಡಿಗಳಲ್ಲಿ ಲಿನನ್ ಮುಂದಿನ ಸಾಲಿಗೆ ಬರುತ್ತದೆ. ಬೆಲೆ ಒಳ್ಳೆಯ ಹತ್ತಿ ಬಟ್ಟೆಗಿಂತಲೂ ಜಾಸ್ತಿ. ಕೊಂಡವರಲ್ಲಿ ಕೆಲವರು ಇದನ್ನು ಬಿಟ್ಟು ಬೇರೆ ಬಟ್ಟೆಯೇ ಬೇಡ ಅನ್ನುತ್ತಾರೆ. ಇನ್ನು ಕೆಲವರು ಅಷ್ಟು ದುಡ್ಡು ಕೊಟ್ಟರೂ ಸೆಖೆ ಏನೂ ಕಡಿಮೆ ಆಗಲಿಲ್ಲ ಅನ್ನುತ್ತಾರೆ. ಇಬ್ಬರೂ ಹೇಳುವುದು ನಿಜ ಇರಬಹುದು. ಯಾಕೆಂದರೆ ಯಾವ ಬಟ್ಟೆಯೂ ತಾನಾಗಿ ಮೈ ತಂಪು ಮಾಡುವುದಿಲ್ಲ. ತಂಪು ಮಾಡುವುದು ಬೆವರು. ಲಿನನ್ ಆ ಕೆಲಸಕ್ಕೆ ಉಳಿದ ಬಟ್ಟೆಗಳಿಗಿಂತ ಕಡಿಮೆ ಅಡ್ಡ ಬರುತ್ತದೆ. ಆದರೆ ಅದನ್ನು ಹೇಗೆ ನೇಯ್ದಿದ್ದಾರೆ, ಹೇಗೆ ಹೊಲಿದಿದ್ದಾರೆ, ನೀವು ಯಾವ ಊರಲ್ಲಿದ್ದೀರಿ ಅನ್ನುವುದರ ಮೇಲೆ ಫಲ ಬದಲಾಗುತ್ತದೆ.

ಮೊದಲು ಬೆವರಿನ ವಿಷಯ ನೋಡೋಣ. ಸುಮ್ಮನೆ ಕುಳಿತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಿರುತ್ತದೆ. ನಡೆದರೆ, ಕೆಲಸ ಮಾಡಿದರೆ ಇದು ಹಲವು ಪಟ್ಟು ಏರುತ್ತದೆ. ಹೊರಗೆ 25 ಡಿಗ್ರಿ ಇದ್ದಾಗ ಈ ಶಾಖ ತಾನಾಗಿ ಗಾಳಿಗೆ ಹೋಗುತ್ತದೆ. ಬಿಸಿಲುಗಾಲದಲ್ಲಿ ನಮ್ಮ ಚರ್ಮದ ಉಷ್ಣತೆ 35 ಡಿಗ್ರಿ ಆಸುಪಾಸು ಇರುತ್ತದೆ. ಗಾಳಿಯೂ 35 ಮುಟ್ಟಿತೆಂದರೆ ಆ ದಾರಿ ಮುಚ್ಚಿದಂತೆ. ಅದಕ್ಕೂ ಮೇಲೆ ಹೋದರೆ ಗಾಳಿಯ ಶಾಖವೇ ಮೈಗೆ ಬರತೊಡಗುತ್ತದೆ. ಆಗ ಉಳಿಯುವುದು ಬೆವರು ಒಂದೇ.

1 ಗ್ರಾಂ ಬೆವರು ಆರುವಾಗ ಸುಮಾರು 2,400 ಜೂಲ್ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಲೆಕ್ಕ ಹಾಕಿದರೆ, ಸುಮ್ಮನೆ ಕುಳಿತವರ ಮೈಶಾಖ ಪೂರ್ತಿ ಬೆವರಿನಿಂದಲೇ ಹೋಗಬೇಕೆಂದರೆ ಗಂಟೆಗೆ ಸುಮಾರು 150 ಗ್ರಾಂ ಬೆವರು ಆರಬೇಕು. ಬಿಸಿಲಲ್ಲಿ ಗಾರೆ ಕೆಲಸ, ಹೊಲದ ಕೆಲಸ ಮಾಡುವವರಿಗೆ ಗಂಟೆಗೆ ಒಂದು ಲೀಟರ್ ಬೆವರು ಇಳಿಯುವುದೂ ಉಂಟು. ಬೆವರು ಬಂದರೆ ಸಾಲದು, ಅದು ಆರಬೇಕು. ಬೆನ್ನ ಮೇಲೆ ಹರಿದು ಸೊಂಟಕ್ಕೆ ಇಳಿದ ಬೆವರು ತಂಪು ಕೊಡುವುದಿಲ್ಲ. ಟವೆಲಿನಲ್ಲಿ ಒರೆಸಿಕೊಂಡಿದ್ದೂ ಅಷ್ಟೇ. ಮೈಯ ನೀರು ಮತ್ತು ಉಪ್ಪು ಮಾತ್ರ ಹೋದಂತಾಯಿತು.

ಬಟ್ಟೆ ಅಡ್ಡ ಬರುವುದು ಇಲ್ಲೇ. ಚರ್ಮಕ್ಕೂ ಬಟ್ಟೆಗೂ ನಡುವೆ ಗಾಳಿಯ ಒಂದು ತೆಳು ಪದರ ಇರುತ್ತದೆ. ಬೆವರು ಆರಿದ ಹಾಗೆಲ್ಲ ಈ ಪದರ ಆವಿಯಿಂದ ತುಂಬುತ್ತದೆ. ತುಂಬಿದ ಮೇಲೆ ಮುಂದಿನ ಬೆವರು ಆರಲು ಜಾಗವಿಲ್ಲ. ಆ ಆವಿ ಹೊರಗೆ ಹೋಗುತ್ತಿರಬೇಕು, ಹೊಸ ಗಾಳಿ ಒಳಗೆ ಬರುತ್ತಿರಬೇಕು. ಪಾಲಿಯೆಸ್ಟರ್ ಅಂಗಿಯಲ್ಲಿ, ಅದರಲ್ಲೂ ಒತ್ತಾಗಿ ನೇಯ್ದ ಅಂಗಿಯಲ್ಲಿ, ಉಸಿರು ಕಟ್ಟಿದ ಹಾಗೆ ಆಗುವುದು ಈ ಆವಿ ಒಳಗೇ ನಿಲ್ಲುವುದರಿಂದ.

ಲಿನನ್ ಬಗ್ಗೆ ಎಲ್ಲರೂ ಮೊದಲು ಹೇಳುವುದು "ಬೆವರು ಚೆನ್ನಾಗಿ ಹೀರುತ್ತದೆ" ಅಂತ. ಅದು ನಿಜವೇ. ಸಾಧಾರಣ ಹವೆಯಲ್ಲಿ ಒಣಗಿದಂತೆ ಕಾಣುವ ಹತ್ತಿ ಕೂಡ ತನ್ನ ತೂಕದ ಸುಮಾರು 8 ಶೇಕಡಾ ತೇವ ಹಿಡಿದಿರುತ್ತದೆ. ಲಿನನ್ ನಾರು ಅದಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಪಾಲಿಯೆಸ್ಟರ್ ಅರ್ಧ ಶೇಕಡಾ ಕೂಡ ಹಿಡಿಯುವುದಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಹೀರುವುದು ಲಿನನ್‌ನ ಎರಡನೇ ಗುಣ. ಬೆವರು ಚರ್ಮದ ಮೇಲೆಯೇ ಆರಿದರೆ ಅದು ಒಯ್ಯುವ ಶಾಖ ಹೆಚ್ಚುಕಮ್ಮಿ ಪೂರ್ತಿ ಮೈಯದ್ದೇ. ಬಟ್ಟೆ ಅದನ್ನು ಹೀರಿ, ತನ್ನ ಹೊರಮೈಯಲ್ಲಿ ಆರಿಸಿದರೆ, ಒಂದಿಷ್ಟು ಶಾಖ ಸುತ್ತಲಿನ ಗಾಳಿಯಿಂದ ಹೋಗುತ್ತದೆ. ಮೈಗೆ ಸಿಗುವ ತಂಪು ಅಷ್ಟು ಕಡಿಮೆ ಆಯಿತು. ಹಾಗಾಗಿ ಬೇಸಿಗೆ ಬಟ್ಟೆಗೆ ಮೊದಲ ಪರೀಕ್ಷೆ ಗಾಳಿ ಆಡುತ್ತದೆಯೇ ಅನ್ನುವುದು. ಲಿನನ್ ನಿಜವಾಗಿ ಗೆಲ್ಲುವುದು ಅಲ್ಲಿ.

ಗೆಲ್ಲಲು ಕಾರಣ ಗಿಡದ ಬೆಳವಣಿಗೆಯಲ್ಲೇ ಇದೆ. ಹತ್ತಿ ಅನ್ನುವುದು ಬೀಜದ ಮೇಲೆ ಬೆಳೆಯುವ ಕೂದಲು. ಗಿಡಕ್ಕೆ ಅದರಿಂದ ಆಸರೆ ಏನೂ ಬೇಕಿಲ್ಲ. ಅದಕ್ಕೇ ಹತ್ತಿ ಮೆತ್ತಗೆ. ಲಿನನ್ ಬರುವುದು ಅಗಸೆ ಗಿಡದ ಕಾಂಡದಿಂದ. ಸುಮಾರು ಒಂದು ಮೀಟರ್ ಎತ್ತರದ, ಕಡ್ಡಿಯಷ್ಟು ಸಣ್ಣ ಕಾಂಡ ಗಾಳಿಗೆ ಬಾಗದೆ ನಿಲ್ಲಬೇಕು. ಕಾಂಡದ ಸಿಪ್ಪೆಯ ಒಳಗೆ ಉದ್ದಕ್ಕೂ ಇರುವ ನಾರಿನ ಕಟ್ಟುಗಳೇ ಅದನ್ನು ನಿಲ್ಲಿಸುವುದು. ಆದ್ದರಿಂದ ಆ ನಾರು ಬಿಗಿ, ಗಟ್ಟಿ. ಎಳೆದರೆ ಹತ್ತಿಯ ನಾರು 6-7 ಶೇಕಡಾ ಹಿಗ್ಗಿದ ಮೇಲೆ ತುಂಡಾಗುತ್ತದೆ. ಅಗಸೆ ನಾರು 2-3 ಶೇಕಡಾ ಮಾತ್ರ ಹಿಗ್ಗುತ್ತದೆ.

ಈ ಬಿಗಿ ಬಟ್ಟೆಯಲ್ಲೂ ಉಳಿಯುತ್ತದೆ. ನೂಲು ಚಪ್ಪಟೆಯಾಗಿ ಹರಡಿಕೊಳ್ಳುವುದಿಲ್ಲ, ಎಳೆಗಳ ನಡುವಿನ ಸಂದು ತೆರೆದೇ ಇರುತ್ತದೆ. ಬಟ್ಟೆ ಮೈಗೆ ಅಂಟುವುದಿಲ್ಲ, ಸ್ವಲ್ಪ ದೂರ ನಿಲ್ಲುತ್ತದೆ. ನೀವು ಕೈ ಎತ್ತಿದಾಗ, ಹೆಜ್ಜೆ ಇಟ್ಟಾಗ ಬಟ್ಟೆ ಹಿಂದೆ ಮುಂದೆ ಆಡಿ ಒಳಗಿನ ಗಾಳಿಯನ್ನು ತಳ್ಳುತ್ತದೆ. ಹತ್ತಿಯ ತೆಳು ಅಂಗಿ ಕೂಡ ಒಣಗಿದ್ದಾಗ ಹೀಗೇ ಇರುತ್ತದೆ. ಆದರೆ ಬೆವರಿಗೆ ನೆನೆದ ಮೇಲೆ ಜೋತುಬಿದ್ದು ಬೆನ್ನಿಗೆ ಅಂಟುತ್ತದೆ. ಅಂಟಿದ ಕಡೆ ಗಾಳಿ ಆಡುವುದು ನಿಂತಿತು. ಲಿನನ್ ನೆನೆದರೂ ಅಷ್ಟು ಬೇಗ ಜೋಲುವುದಿಲ್ಲ. ಸೆಖೆಯಲ್ಲಿ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಹತ್ತಿ ನಾರಿನ ಉದ್ದ ಸಾಮಾನ್ಯವಾಗಿ 3 ಸೆಂಟಿಮೀಟರ್ ಆಸುಪಾಸು. ಅಷ್ಟು ಚಿಕ್ಕ ನಾರುಗಳನ್ನು ಹೊಸೆದಾಗ ತುದಿಗಳು ಹೊರಗೆ ಚಾಚಿ ನೂಲಿನ ಮೇಲೆ ನವಿರು ರೋಮ ಏಳುತ್ತದೆ. ಆ ರೋಮ ಗಾಳಿಯನ್ನು ಹಿಡಿದಿಡುತ್ತದೆ. ಚಳಿಗೆ ಇದು ಒಳ್ಳೆಯದು, ಸೆಖೆಗಲ್ಲ. ಲಿನನ್‌ನ ನಾರಿನ ಕಟ್ಟುಗಳು ಅರ್ಧ ಮೀಟರ್ ದಾಟುವಷ್ಟು ಉದ್ದ ಇರುತ್ತವೆ. ನೂಲು ನುಣ್ಣಗೆ, ರೋಮ ಕಡಿಮೆ. ಮುಟ್ಟಿದ ಕೂಡಲೇ ತಣ್ಣಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಅಂಗಡಿಯಲ್ಲಿ ಮುಟ್ಟಿ "ಎಷ್ಟು ತಂಪು ನೋಡಿ" ಅನ್ನುತ್ತಾರಲ್ವಾ, ಆ ತಂಪು ಕೆಲವು ಕ್ಷಣಗಳದ್ದು. ಮೈಬಿಸಿಗೆ ಬಟ್ಟೆ ಹೊಂದಿಕೊಂಡ ಮೇಲೆ ಅದು ಉಳಿಯುವುದಿಲ್ಲ. ಅದನ್ನು ನೋಡಿ ಬಟ್ಟೆ ಆರಿಸಬೇಡಿ.

ಲಿನನ್ ಸುಕ್ಕಾಗುವುದಕ್ಕೂ ಕಾರಣ ಇದೇ ಬಿಗಿ. ಮಡಚಿದ ನಾರು ಹಿಗ್ಗಿ ಹಿಂದಕ್ಕೆ ಬರುವ ಗುಣ ಕಡಿಮೆ. ಮೇಲಾಗಿ ಬೆವರಿನ ತೇವಕ್ಕೆ ನಾರಿನೊಳಗಿನ ಕೊಂಡಿಗಳು ಸಡಿಲವಾಗಿ, ಒಣಗುವಾಗ ಬಾಗಿದ ರೂಪದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಮೊಣಕೈ, ತೊಡೆಸಂದು, ಕುರ್ಚಿಗೆ ಒರಗಿದ ಬೆನ್ನು, ಎಲ್ಲ ಕಡೆ ಗೆರೆ ಬೀಳುತ್ತದೆ. ಕೆಲವು ಕಂಪನಿಗಳು ಸುಕ್ಕಾಗದ ಲಿನನ್ ಅಂತ ಮಾರುತ್ತವೆ. ಅದರಲ್ಲಿ ಪಾಲಿಯೆಸ್ಟರ್ ಬೆರೆಸಿರುತ್ತಾರೆ, ಇಲ್ಲವೇ ರಾಳದಂಥ ರಾಸಾಯನಿಕ ಲೇಪ ಕೊಟ್ಟಿರುತ್ತಾರೆ. ಮೊದಲನೆಯದು ತೇವ ಹಿಡಿಯುವ ಗುಣ ಕಡಿಮೆ ಮಾಡುತ್ತದೆ, ಎರಡನೆಯದು ನಾರಿನ ಗಟ್ಟಿತನ ಕಡಿಮೆ ಮಾಡುತ್ತದೆ. ಸೆಖೆಗೆಂದೇ ಲಿನನ್ ಕೊಳ್ಳುವವರು ಸುಕ್ಕನ್ನು ಒಪ್ಪಿಕೊಳ್ಳುವುದೇ ಮೇಲು.

ಕಲಬುರಗಿಯ ಬಿಸಿಲು, ಮಂಗಳೂರಿನ ಸೆಖೆ

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಮಂಗಳೂರಿನಲ್ಲಿ ಅಷ್ಟು ಏರುವುದಿಲ್ಲ. ಆದರೂ ಮಂಗಳೂರಿನಲ್ಲಿ ಅಂಗಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಕಲಬುರಗಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ.

ಉದಾಹರಣೆಗೆ ಒಂದು ಲೆಕ್ಕ ನೋಡಿ. 42 ಡಿಗ್ರಿ ಬಿಸಿ, 20 ಶೇಕಡಾ ತೇವಾಂಶ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 11 ಗ್ರಾಂ ನೀರಾವಿ ಇರುತ್ತದೆ. 33 ಡಿಗ್ರಿ, 70 ಶೇಕಡಾ ತೇವಾಂಶದ ಕರಾವಳಿ ಗಾಳಿಯಲ್ಲಿ ಅದು 25 ಗ್ರಾಂ. 35 ಡಿಗ್ರಿಯ ಒದ್ದೆ ಚರ್ಮಕ್ಕೆ ತಾಗಿಕೊಂಡ ಗಾಳಿ ಹೆಚ್ಚೆಂದರೆ 40 ಗ್ರಾಂ ಹಿಡಿಯಬಲ್ಲದು. ಅಂದರೆ ಒಣ ಗಾಳಿಯಲ್ಲಿ ಇನ್ನೂ 29 ಗ್ರಾಂಗೆ ಜಾಗವಿದೆ, ಕರಾವಳಿಯ ಗಾಳಿಯಲ್ಲಿ 15ಕ್ಕೆ ಮಾತ್ರ. ಬೆವರು ಆರುವ ವೇಗ ಈ ವ್ಯತ್ಯಾಸದ ಮೇಲೆ ನಿಂತಿದೆ. ಹಾಗಾಗಿ ಅದೇ ಅಂಗಿ, ಅದೇ ಗಾಳಿಯ ಬೀಸು ಇದ್ದರೂ ಕರಾವಳಿಯಲ್ಲಿ ಬೆವರು ಸುಮಾರು ಅರ್ಧ ವೇಗದಲ್ಲಿ ಆರುತ್ತದೆ.

ಇದರಿಂದ ಎರಡು ಊರುಗಳಲ್ಲಿ ಉಡುಪಿನ ಲೆಕ್ಕವೇ ಬೇರೆ ಆಗುತ್ತದೆ. ಕಲಬುರಗಿಯಲ್ಲಿ ಬೆವರು ಆರುವುದು ಕಷ್ಟವಲ್ಲ. ಅಲ್ಲಿನ ಕಷ್ಟ ಬಿಸಿಲು ಮತ್ತು ಬಿಸಿಗಾಳಿ. ಅಲ್ಲಿ ಮೈ ತುಂಬ ಮುಚ್ಚುವ, ಸಡಿಲವಾದ, ತುಂಬುತೋಳಿನ ಲಿನನ್ ಒಳ್ಳೆಯದು. ತೋಳು ಬಿಟ್ಟರೆ ತಂಪು ಅನ್ನುವುದು ಬಿಸಿಲಲ್ಲಿ ನಿಲ್ಲದ ಮಾತು. ಹೊಲದಲ್ಲಿ ಕೆಲಸ ಮಾಡುವ ಹಿರಿಯರು ತುಂಬುತೋಳಿನ ಅಂಗಿ, ಧೋತರ, ತಲೆಗೆ ರುಮಾಲು ಹಾಕಿಕೊಳ್ಳುವುದು ಇದೇ ಕಾರಣಕ್ಕೆ ಸರಿ. ಮಂಗಳೂರು, ಕಾರವಾರದಲ್ಲಿ ನೆರಳಿನಲ್ಲೇ ಇರುವವರಿಗೆ ಮೈಯಿಂದ ದೂರ ನಿಲ್ಲುವ, ಆದಷ್ಟು ತೆಳುವಾದ, ಅರ್ಧ ತೋಳಿನ ಬಟ್ಟೆ ಬೇಕು. ಜೊತೆಗೆ ಗಾಳಿ ಬೀಸಲೇಬೇಕು. ಫ್ಯಾನ್ ಇಲ್ಲದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಷ್ಟು ದುಬಾರಿ ಲಿನನ್ ತೊಟ್ಟರೂ ಪ್ರಯೋಜನವಿಲ್ಲ. ಆವಿಗೆ ಹೋಗಲು ಜಾಗವೇ ಇಲ್ಲದಾಗ ಬಟ್ಟೆ ಏನು ಮಾಡೀತು?

ತೇವ ಮತ್ತು ಬಿಸಿ ಎರಡೂ ತೀರಾ ಜಾಸ್ತಿ ಆದಾಗ ಅದು ಉಡುಪಿನಿಂದ ಸರಿಹೋಗುವ ತೊಂದರೆಯಾಗಿ ಉಳಿಯುವುದಿಲ್ಲ. ಬಿಸಿಲಲ್ಲಿದ್ದವರು ಗೊಂದಲದಲ್ಲಿ ಮಾತಾಡಿದರೆ, ಓಲಾಡಿದರೆ, ಮೈ ಕೆಂಡದಂತಾಗಿ ಎಚ್ಚರ ತಪ್ಪಿದರೆ ತಕ್ಷಣ ನೆರಳಿಗೆ ತನ್ನಿ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಂಬ್ಯುಲೆನ್ಸ್ ಕರೆಯಿರಿ.

ಬಣ್ಣದ ವಿಷಯವೂ ಇಲ್ಲೇ ಬರುತ್ತದೆ. ತೆಳು ಬಟ್ಟೆಗೆ ತಿಳಿಬಣ್ಣವೇ ಒಳ್ಳೆಯದು. ಗಾಢ ಬಣ್ಣ ಹೀರಿದ ಬಿಸಿಲು ತೆಳು ಬಟ್ಟೆ ದಾಟಿ ನೇರ ಮೈಗೆ ಬರುತ್ತದೆ. ಆದರೆ ಮರಳುಗಾಡಿನ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಡುತ್ತಾರೆ. ಅದು ಹೇಗೆ ಅಂತ ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಕಪ್ಪು ನಿಲುವಂಗಿ ಬಿಳಿಗಿಂತ ಜಾಸ್ತಿ ಬಿಸಿಯಾಗುತ್ತದೆ ನಿಜ. ಆದರೆ ಆ ಹೆಚ್ಚುವರಿ ಶಾಖ ಚರ್ಮ ಮುಟ್ಟುವ ಮೊದಲೇ ಹೋಗಿಬಿಡುತ್ತಿತ್ತು. ಕಪ್ಪು ತೊಟ್ಟವರ ಮೈಗೂ ಬಿಳಿ ತೊಟ್ಟವರ ಮೈಗೂ ಸಿಕ್ಕ ಶಾಖ ಒಂದೇ. ಸಡಿಲವಾಗಿ ಇಳಿಬಿದ್ದ ಬಟ್ಟೆ ಮತ್ತು ಒಳಗೆ ಆಡುವ ಗಾಳಿ ಅಷ್ಟು ಕೆಲಸ ಮಾಡುತ್ತವೆ. ಬಿಗಿಯಾದ ಕಪ್ಪು ಲಿನನ್ ಶರ್ಟಿಗೆ ಈ ಲಾಭ ಇಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಶರ್ಟು, ಕುರ್ತಾಗೆ 120ರಿಂದ 160ರ ಒಳಗೆ ಸಾಕು. ಪ್ಯಾಂಟಿಗೆ 200ರ ಆಸುಪಾಸು ಬೇಕಾಗುತ್ತದೆ, ಇಲ್ಲದಿದ್ದರೆ ಮೊಣಕಾಲಲ್ಲಿ ಬೇಗ ಜಗ್ಗುತ್ತದೆ. ಇನ್ನೊಂದು ಅಳತೆ ಲೀ. 40 ಲೀ, 60 ಲೀ ಅಂತ ಹೇಳುತ್ತಾರಲ್ಲ, ಅದು ನೂಲಿನ ಸಣ್ಣತನ. 300 ಗಜದ ಎಷ್ಟು ಲಡಿ ನೂಲು ಸೇರಿದರೆ ಒಂದು ಪೌಂಡ್ ತೂಗುತ್ತದೆ ಅನ್ನುವುದು ಅದರ ಅರ್ಥ. ಸಂಖ್ಯೆ ದೊಡ್ಡದಾದಷ್ಟೂ ನೂಲು ಸಣ್ಣ, ಬಟ್ಟೆ ನಯ, ಬೆಲೆ ಜಾಸ್ತಿ. ಆದರೆ ಸಣ್ಣ ನೂಲನ್ನು ಒತ್ತಾಗಿ ನೇಯ್ದರೆ ಗಾಳಿ ಆಡುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಸಣ್ಣ ಕಿಂಡಿಗಳು ಕಾಣಬೇಕು. ಬಾಯಿಗೆ ಒತ್ತಿಕೊಂಡು ಊದಿ, ಉಸಿರು ಸಲೀಸಾಗಿ ಆಚೆ ಹೋಗಬೇಕು. ನಂಬರಿಗಿಂತ ಈ ಎರಡು ಪರೀಕ್ಷೆಯನ್ನು ನಾನು ಜಾಸ್ತಿ ನಂಬುತ್ತೇನೆ.

ಸೀರೆಯಲ್ಲಾದರೆ "ಲಿನನ್ ಬೈ ಲಿನನ್" ಅನ್ನುತ್ತಾರೆ. ಹಾಸು, ಹೊಕ್ಕು ಎರಡೂ ಲಿನನ್ ನೂಲೇ ಎಂದು ಅರ್ಥ. ಹಾಸು ಹತ್ತಿ, ಹೊಕ್ಕು ಲಿನನ್ ಇರುವ ಸೀರೆಗಳೂ ಬರುತ್ತವೆ. ಅವು ಕೆಟ್ಟವೇನಲ್ಲ. ಹತ್ತಿ ಬೆರೆತರೆ ಬಟ್ಟೆ ಸ್ವಲ್ಪ ಮೆತ್ತಗಾಗುತ್ತದೆ, ಸುಕ್ಕು ಕಡಿಮೆ, ಬೆಲೆಯೂ ಕಡಿಮೆ. ಸೆಖೆಗೂ ನಡೆಯುತ್ತದೆ. ಎಚ್ಚರ ಬೇಕಾಗಿರುವುದು "ಲಿನನ್ ಫೀಲ್", "ಲಿನನ್ ಲುಕ್" ಅಂತ ಬರೆದ ಬಟ್ಟೆಗಳಲ್ಲಿ. ಎಳೆ ಅಲ್ಲಲ್ಲಿ ದಪ್ಪ ತೆಳು ಆಗಿ ಲಿನನ್ ಹಾಗೆ ಕಾಣುತ್ತದೆ, ಆದರೆ ನೂಲು ಪಾಲಿಯೆಸ್ಟರ್ ಆಗಿರುತ್ತದೆ. ಅಂಚಿನ ನಾಲ್ಕು ಎಳೆ ಬಿಚ್ಚಿ ಚಿಮುಟದಲ್ಲಿ ಹಿಡಿದು ಸುಟ್ಟರೆ ಗೊತ್ತಾಗುತ್ತದೆ. ಲಿನನ್ ಮತ್ತು ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಕಪ್ಪು ಮಣಿಯಾಗುತ್ತದೆ. ಲಿನನ್ ಮತ್ತು ಹತ್ತಿಯ ನಡುವಿನ ವ್ಯತ್ಯಾಸ ಮಾತ್ರ ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಎರಡೂ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಮೂಲವಸ್ತು.

ಹೊಲಿಸುವಾಗ ಆಗುವ ತಪ್ಪಿನಿಂದ ಒಳ್ಳೆಯ ಲಿನನ್ ಹಾಳಾಗುವುದನ್ನು ನೋಡಿದರೆ ಬೇಜಾರಾಗುತ್ತದೆ. ಕುರ್ತಾಗೆ, ಬ್ಲೌಸಿಗೆ ಲೈನಿಂಗ್ ಕೊಡುತ್ತಾರೆ. ಆ ಲೈನಿಂಗ್ ಪಾಲಿಯೆಸ್ಟರ್ ಆದರೆ ಮೈಗೆ ತಾಗುವುದು ಪಾಲಿಯೆಸ್ಟರೇ, ಮೇಲಿನ ಲಿನನ್ ಬರೀ ನೋಟಕ್ಕೆ. ಲೈನಿಂಗ್ ಬೇಕೇ ಬೇಕು ಅಂದರೆ ತೆಳು ಹತ್ತಿಯದ್ದು ಕೇಳಿ. ಫಿಟ್ಟಿಂಗ್ ಬಿಗಿ ಮಾಡಿಸಬೇಡಿ. ಬಗಲು, ಬೆನ್ನು, ಎದೆ ಸಡಿಲ ಇರಲಿ. ಶರ್ಟಿನ ಕೆಳಗಿನಿಂದ ಬಂದ ಗಾಳಿ ಕುತ್ತಿಗೆಯಿಂದ ಹೊರಹೋಗುವಷ್ಟು ಜಾಗ ಬೇಕು. ಒಳಗೆ ದಪ್ಪ ಬನಿಯನ್ ತೊಟ್ಟರೆ ಬೆವರು ಮೊದಲು ಬನಿಯನ್‌ನಲ್ಲೇ ನಿಲ್ಲುತ್ತದೆ, ಒದ್ದೆ ಬನಿಯನ್ ಮೈಗೆ ಅಂಟುತ್ತದೆ. ಆಫೀಸಿನಲ್ಲಿ ಬನಿಯನ್ ಬಿಡಲಾಗದಿದ್ದರೆ ಕನಿಷ್ಠ ತೆಳುವಾದದ್ದು ಆರಿಸಿ. ಹೊಲಿಸುವ ಮೊದಲು ಬಟ್ಟೆಯನ್ನು ಒಂದು ಸಲ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ ಕೊಡಿ. ಲಿನನ್ ಮೊದಲ ಒಗೆತದಲ್ಲಿ ಕುಗ್ಗುತ್ತದೆ.

ಬೆಲೆ ಯಾಕೆ ಅಷ್ಟು?

ಅಗಸೆ ನಮಗೆ ಹೊಸ ಗಿಡವಲ್ಲ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ಅಗಸಿ ಹಿಂಡಿ ಇಲ್ಲದ ಮನೆ ಕಡಿಮೆ. ಆ ಬೀಜ ಕೊಡುವ ಗಿಡ ಮತ್ತು ಲಿನನ್ ಕೊಡುವ ಗಿಡ ಎರಡೂ ಒಂದೇ ಜಾತಿ. ಆದರೆ ನಮ್ಮಲ್ಲಿ ಬೆಳೆಯುವುದು ಬೀಜಕ್ಕೆಂದು ಆರಿಸಿದ ತಳಿ. ಗಿಡ ಗಿಡ್ಡ, ಕವಲು ಜಾಸ್ತಿ. ನಾರಿಗೆ ಬೇಕಾದ್ದು ಕವಲೊಡೆಯದೆ ನೇರ ಮೇಲೆ ಹೋಗುವ ತಳಿ. ಅದಕ್ಕೆ ತಂಪಾದ, ಆಗಾಗ ಮಳೆ ಬೀಳುವ ಹವೆ ಬೇಕು. ಫ್ರಾನ್ಸಿನ ನಾರ್ಮಂಡಿ ಮೊದಲಾದ ಕಡಲತೀರದ ಸೀಮೆಗಳು, ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ಜಗತ್ತಿನ ಅಗಸೆ ನಾರಿನ ಬಹುಪಾಲನ್ನು ಬೆಳೆಯುತ್ತವೆ.

ಅಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಬಿತ್ತುತ್ತಾರೆ, ಸುಮಾರು 100 ದಿನಕ್ಕೆ ಬೆಳೆ ಬರುತ್ತದೆ. ಕೊಯ್ಯುವುದಿಲ್ಲ, ಬೇರುಸಮೇತ ಕೀಳುತ್ತಾರೆ. ನಾರಿನ ಉದ್ದ ಕಡಿಮೆ ಆಗಬಾರದಲ್ಲ. ಕಿತ್ತ ಗಿಡಗಳನ್ನು ಹೊಲದಲ್ಲೇ ಸಾಲಾಗಿ ಮಲಗಿಸಿ ಕೆಲವು ವಾರ ಇಬ್ಬನಿ, ಮಳೆಗೆ ಬಿಡುತ್ತಾರೆ. ಶಿಲೀಂಧ್ರ, ಬ್ಯಾಕ್ಟೀರಿಯಾಗಳು ನಾರನ್ನು ಕಾಂಡಕ್ಕೆ ಅಂಟಿಸಿದ ಅಂಟನ್ನು ತಿನ್ನುತ್ತವೆ. ಮಳೆ ಕಡಿಮೆ ಆದರೆ ಅಂಟು ಬಿಡುವುದಿಲ್ಲ, ಜಾಸ್ತಿ ಆದರೆ ನಾರೇ ಕೊಳೆಯುತ್ತದೆ. ರೈತರು ಮಧ್ಯೆ ಸಾಲುಗಳನ್ನು ಮಗುಚುತ್ತಾರೆ. ಆಮೇಲೆ ಕಾಂಡ ಜಜ್ಜಿ, ಬಡಿದು, ಹಣಿಗೆಯಲ್ಲಿ ಬಾಚಿ ಉದ್ದ ನಾರನ್ನು ಬೇರೆ ಮಾಡಬೇಕು. ಸಣ್ಣ ನೂಲು ಬೇಕೆಂದರೆ ನಾರನ್ನು ಬಿಸಿನೀರಿನಲ್ಲಿ ಹಾಯಿಸಿ, ಉಳಿದ ಅಂಟನ್ನು ಮೆದು ಮಾಡಿ ನೂಲಬೇಕು. ಹತ್ತಿ ಗಿರಣಿಯ ಯಂತ್ರ ಇದಕ್ಕೆ ಆಗುವುದಿಲ್ಲ. ಪಶ್ಚಿಮ ಬಂಗಾಳದ ರಿಶ್ರಾದಲ್ಲಿ ಇಂಥ ದೊಡ್ಡ ಗಿರಣಿ ಇದೆ, ನಾರು ಯುರೋಪಿನಿಂದ ಬರುತ್ತದೆ. ಲಿನನ್ ನೂಲು ಹಿಗ್ಗುವುದಿಲ್ಲವಾದ್ದರಿಂದ ಮಗ್ಗದಲ್ಲೂ ಎಳೆ ತುಂಡಾಗುವುದು ಜಾಸ್ತಿ, ನೇಯ್ಗೆ ನಿಧಾನ. ಬೆಲೆಗೆ ಇಷ್ಟೆಲ್ಲ ಸೇರುತ್ತದೆ.

ಇಷ್ಟು ಕಷ್ಟ ಇದ್ದರೂ ಮನುಷ್ಯರು ಇದನ್ನು ಬಹಳ ಹಿಂದೆಯೇ ಕಲಿತರು. ಈಜಿಪ್ಟಿನ ತರ್ಖಾನ್‌ನಲ್ಲಿ ಸಿಕ್ಕ ಲಿನನ್ ಅಂಗಿಯೊಂದು ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿದೆ. ಅದಕ್ಕೆ 5,000 ವರ್ಷಕ್ಕೂ ಹೆಚ್ಚು ವಯಸ್ಸು. ನೇಯ್ದ ಉಡುಪುಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯದು ಅದೇ. ನೆರಿಗೆ ಹಾಕಿದ ತೋಳು ಈಗಲೂ ಕಾಣುತ್ತದೆ. ಮೊಣಕೈ ಮತ್ತು ಬಗಲಿನ ಹತ್ತಿರ ಸುಕ್ಕಿನ ಗುರುತುಗಳಿವೆ, ಅಂದರೆ ಯಾರೋ ಅದನ್ನು ನಿಜವಾಗಿ ತೊಟ್ಟಿದ್ದರು.

ಬೆಲೆ ಹೊಂದದಿದ್ದರೆ ಚಿಂತೆ ಬೇಡ. ತೆಳುವಾಗಿ, ಸಡಿಲವಾಗಿ ನೇಯ್ದ ಕೈಮಗ್ಗದ ಹತ್ತಿ ಮತ್ತು ಖಾದಿ ಸೆಖೆಯಲ್ಲಿ ಲಿನನ್‌ಗೆ ತುಂಬ ಹತ್ತಿರ ಬರುತ್ತವೆ. ಒತ್ತಾಗಿ ನೇಯ್ದ ಲಿನನ್‌ಗಿಂತ ಅವೇ ಮೇಲು.

ಇನ್ನು ಒಗೆಯುವುದು. ನೆನೆದಾಗ ಲಿನನ್ ನಾರು ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಒಗೆತಕ್ಕೆ ಹೆದರುವ ಬಟ್ಟೆಯಲ್ಲ ಅದು. ಒಗೆದಷ್ಟೂ ಉಳಿದ ಅಂಟು ಹೋಗಿ ಮೆತ್ತಗಾಗುತ್ತದೆ. ಮೊದಲ ದಿನ ಚುಚ್ಚಿದ ಹಾಗೆ ಅನ್ನಿಸಿದರೆ ನಾಲ್ಕಾರು ಒಗೆತ ಕಾಯಿರಿ. ಗಂಜಿ ಹಾಕಬೇಡಿ. ಹತ್ತಿ ಸೀರೆಗೆ ಗಂಜಿ ಹಾಕುವ ರೂಢಿಯಲ್ಲಿ ಲಿನನ್‌ಗೂ ಹಾಕುತ್ತಾರೆ, ಅದು ಎಳೆಗಳ ನಡುವಿನ ಕಿಂಡಿ ಮುಚ್ಚುತ್ತದೆ. ಬಟ್ಟೆ ಮೆದುವಾಗಲೆಂದು ಹಾಕುವ ಸಾಫ್ಟನರ್ ಕೂಡ ಬೇಡ, ಅದು ನಾರಿನ ಮೇಲೆ ಪದರವಾಗಿ ಕೂತು ನೀರು ಹೀರುವುದನ್ನು ತಡೆಯುತ್ತದೆ. ಯಂತ್ರದಲ್ಲಿ ಹೆಚ್ಚು ಹಿಂಡದೆ, ಕೊಡವಿ ನೇತುಹಾಕಿದರೆ ಅರ್ಧ ಸುಕ್ಕು ತಾನಾಗಿ ಹೋಗುತ್ತದೆ. ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಿ. ಒಣಗಿದ ಮೇಲೆ ಎಷ್ಟು ಬಿಸಿ ಇಟ್ಟರೂ ಗೆರೆ ಹೋಗುವುದಿಲ್ಲ, ನೀರು ಚಿಮುಕಿಸಲೇಬೇಕು. ಕಾಲರ್ ಮತ್ತು ಪ್ಯಾಂಟಿನ ಮಡಿಕೆಯನ್ನು ಪ್ರತಿ ಸಲ ಅದೇ ಗೆರೆಯಲ್ಲಿ ಒತ್ತಿ ಇಸ್ತ್ರಿ ಮಾಡಿಸಬೇಡಿ. ಹಿಗ್ಗದ ನಾರು ಒಂದೇ ಜಾಗದಲ್ಲಿ ಮಡಚಿ ಮಡಚಿ ಮುರಿಯುತ್ತದೆ, ಲಿನನ್ ಅಂಗಿ ಮೊದಲು ಹರಿಯುವುದು ಆ ಗೆರೆಯಲ್ಲೇ.